ಉಷ್ಣದ ಗುಳ್ಳೆ ಅಲ್ಲ

ಡಬ್ಲಿನ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ತಿಂಗಳ ಹರಿಪ್ರಿಯಾಗೆ ಎಣ್ಣೆನೀರು ಹಾಕಿದಾಗಲೆಲ್ಲ ಮೈಮೇಲೆ ಹೊಸ ಗುಳ್ಳೆಗಳು ಏಳುತ್ತಿದ್ದವು. ಆ ದಿನ ಸೊಂಟದಲ್ಲಿ, ಉಡಿದಾರ ಉಜ್ಜುವಲ್ಲೇ ಸಾಲಾಗಿ ಎದ್ದಿದ್ದವು. ತಾಯಿ ಆರತಿ ಹೆದರಿ, ಪಕ್ಕದ ಮನೆಯ ನರ್ಸ್ ಹೇಮಶ್ರೀಯನ್ನು ಕರೆದಳು.

"ಉಷ್ಣ ಕಣವ್ವಾ," ಎಂದರು ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಅತ್ತೆ ಗೌರಮ್ಮ. "ನಮ್ ವಂಶದೋರ ಮೈಯೇ ಅಂಗೆ. ಹರಳೆಣ್ಣೆ ಹಚ್ಚಿ ತಿಕ್ಕುದ್ರೆ ಇಳೀತದೆ."

"ತಿಕ್ಕಿದ ಕಡೇನೇ ಬರ್ತಿದೆ, ಅತ್ತೆ!"

"ಅಂಗಾರೆ ನನ್ ಕೈಯಾಗೆ ವಿಸ ಅದಾ?"

"ಕೈದೇನೂ ತಪ್ಪಿಲ್ಲ ಅಮ್ಮಾ," ಎಂದಳು ಹೇಮಶ್ರೀ. "ವಂಶ ಅಂದ್ರಲ್ಲ, ಇನ್ಯಾರಿಗೆ ಹೀಗಾಗ್ತಿತ್ತು?"

ಮಗು ಕಿರುಚಿ ಅತ್ತಿತು. ಗೌರಮ್ಮ ಮೆಲ್ಲಗೆ ತಮ್ಮ ಕಾಲುಚೀಲ ಬಿಚ್ಚಿದರು. ಅಂಗಾಲು ದಪ್ಪಗಟ್ಟಿತ್ತು, ಹಿಮ್ಮಡಿಯಲ್ಲಿ ಹೊಸ ಬೊಬ್ಬೆ.

"ನಮ್ಮಪ್ಪಂಗೂ ಇತ್ತು. ಮಧುಕರಂಗೂ ಶೂಸ್ ಹಾಕುದ್ರೆ ಬತ್ತಿತ್ತು. ಸಂಬಂಧ ತಪ್ಪೋಯ್ತದೆ ಅಂತ ಯಾರ್ಗೂ ಯೋಳ್ಳಿಲ್ಲ."

ಆರತಿ ದಂಗಾದಳು. ಗಂಡ ಮಧುಕರನೂ ಹೇಳಿರಲಿಲ್ಲ.

"ಇದನ್ನ ಇವತ್ತೇ ಡಾಕ್ಟರಿಗೂ ಹೇಳ್ಬೇಕು. ಉಡಿದಾರ ಈಗ್ಲೇ ತೆಗೀಬೇಕು," ಎಂದಳು ಹೇಮಶ್ರೀ.

"ದೃಷ್ಟಿಗೆ ಕಟ್ಟಿರೋದು..." ಎಂದು ತಡವರಿಸಿದ ಗೌರಮ್ಮನವರೇ ಕತ್ತರಿ ತಂದರು.

ಕೆಲವು ವಾರಗಳ ನಂತರ ರಕ್ತದ ಜೀನ್ ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾಯಿತು: ಎಪಿಡರ್ಮೊಲಿಸಿಸ್ ಬುಲ್ಲೋಸಾ. ಇದರಲ್ಲಿ ಹಲವು ಬಗೆ, ಹರಿಪ್ರಿಯಾಗೆ ಇರುವುದು ಸೌಮ್ಯವಾದದ್ದು. ಚರ್ಮಕ್ಕೆ ಬಲ ಕೊಡುವ ಪ್ರೋಟೀನಿನಲ್ಲಿ ದೋಷ ಇರುವುದರಿಂದ ಉಜ್ಜಿದರೆ ಬೊಬ್ಬೆ ಏಳುತ್ತದೆ, ಸೆಕೆಯಲ್ಲಿ ಹೆಚ್ಚುತ್ತದೆ. ಇದು ವಂಶದಲ್ಲಿ ಇಳಿದು ಬರುವಂಥದ್ದು, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಈ ಬಗೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಆರೈಕೆಯಿಂದ ನೋವನ್ನೂ ಸೋಂಕನ್ನೂ ತಗ್ಗಿಸಬಹುದು.

ಒಂದು ಸಂಜೆ ಆಫೀಸಿನಿಂದ ಬಂದ ಮಧುಕರ್ ಮಗಳತ್ತ ಕೈಚಾಚಿದ.

"ಕಂಕುಳಿಗೆ ಕೈ ಹಾಕ್ಬ್ಯಾಡ ಕಣ್ಲಾ!" ಗೌರಮ್ಮ ಗದರಿದರು. "ಕತ್ತಿನ ಕೆಳೀಕೊಂದು, ಕುಂಡಿ ಕೆಳೀಕೊಂದು ಕೈ ಕೊಟ್ಟು ಎತ್ತು. ಅಂಗಿ ಒಳಮಗ್ಗಲು ಹೊರೀಕೆ ಹಾಕಿವ್ನಿ, ಹೊಲಿಗೆ ಒತ್ತದಂಗೆ. ನಿಂದೂ ಕಾಲು ತೋರ್ಸು, ಬಾ."

ನಿಮ್ಮ ಮನೆಯ ಮಗುವಿಗೆ ಉಜ್ಜಿದ ಕಡೆಯೆಲ್ಲ ಬೊಬ್ಬೆ ಏಳುತ್ತಿದೆಯೇ? ತಿಕ್ಕಬೇಡಿ, ಮೈಗೆ ಅಂಟುವ ಪಟ್ಟಿ ಹಾಕಬೇಡಿ. ಬೊಬ್ಬೆಯ ನೀರು ತೆಗೆಯುವ ರೀತಿಯನ್ನು ಚರ್ಮವೈದ್ಯರಿಂದಲೇ ಕಲಿಯಿರಿ. ಜ್ವರ, ಕೀವು, ಹರಡುವ ಕೆಂಪು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಹೋಗುವಾಗ, ನಿಮ್ಮ ವಂಶದಲ್ಲಿ ಯಾರ್ಯಾರು ಕಾಲು ಮುಚ್ಚಿಕೊಂಡು ಬದುಕಿದರು ಎಂಬುದನ್ನು ಬರೆದುಕೊಂಡು ಹೋಗಿ. ವೈದ್ಯರಿಗೆ ಮೊದಲು ಬೇಕಾದದ್ದು ಅದೇ.