ಹೋಗಲು ಐದು ಗಂಟೆ, ಬರಲು ಐದೂವರೆ

ಎಲ್ಲಿಂದ ಶುರು ಮಾಡಲಿ ಹೇಳಿ? ‘ವಿಮಾನ ನೆಲ ಬಿಟ್ಟಿತು’ ಅಂದರೆ ಗತ್ತಾಗಿರುತ್ತದೆ. ಆದರೆ ನನ್ನ ನಾಯಕಿ ಇನ್ನೂ ಟಿಕೆಟ್ಟೇ ತೆಗೆದಿಲ್ಲ. (ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಮೋಡ ಹತ್ತಿಯಂತಿತ್ತು ಅಂತ ಬರೆದುಬಿಡುತ್ತಿದ್ದೆ. ನೀವು ಬಚಾವ್.)

೧. ನಾಯಕಿ ಮನೆಯಲ್ಲಿ ಇಸ್ತ್ರಿ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರವಾಸದ ವೆಬ್‌ಸೈಟಿಗೆ ಬರೆಯುವವಳು. ಏಷ್ಯಾದ ಯಾವುದೇ ಎರಡು ನಗರ ಕೊಡಿ: ನಡುವಿನ ದೂರ, ವಿಮಾನದ ಸಮಯ, ‘ಸುಖಕರ ಪ್ರಯಾಣಕ್ಕೆ ಹತ್ತು ಸಲಹೆಗಳು’, ಎಲ್ಲ ಊಟಕ್ಕೆ ಮೊದಲೇ ರೆಡಿ. ಇವತ್ತು ಮ್ಯಾನೇಜರ್ ಕೊಟ್ಟ ಜೋಡಿಯಲ್ಲಿ ಒಂದು ಅವಳ ನಗರ. ಇನ್ನೊಂದು, ಪೂರ್ವಕ್ಕೆ, ಅವಳ ಅಕ್ಕ ಒಬ್ಬಳೇ ಇರುವ ನಗರ. ಹೋಗಲು ಐದು ಗಂಟೆ. ವಾಪಸ್ ಬರುವಾಗ ಗಾಳಿ ಎದುರು, ಐದೂವರೆ.

ಗುರುವಾರ ಅಕ್ಕನಿಗೆ ಹೃದಯದ ಆಪರೇಷನ್. ಹೇಳಿದ್ದು ಚಿಕ್ಕಮ್ಮ. ಅಕ್ಕ-ತಂಗಿ ಮಾತು ಬಿಟ್ಟು ವರ್ಷಗಳೇ ಆಗಿವೆ.

(ಕಾಕತಾಳೀಯ ಜಾಸ್ತಿಯಾಯಿತು ಅಂತೀರಾ? ಆಗಲಿ. ಕಥೆ ಸ್ವಾಮಿ ಇದು, ಬಸ್ಸಿನ ಟೈಮ್‌ಟೇಬಲ್ ಅಲ್ಲ.)

೨. ಮಾತು ಬಿಡಲು ಭಾರಿ ಕಾರಣ ಹುಡುಕಿದೆ. ಆಸ್ತಿ, ಒಡವೆ, ಹಳೇ ಪ್ರೇಮ. ಎಲ್ಲ ಬರೆದೆ, ಎಲ್ಲ ಹರಿದೆ. ನಿಜವಾದದ್ದು ಇಷ್ಟೇ:

“ನೀನೇ ಬಾರೇ, ನಿನಗೆ ಗಾಳಿ ಬೆನ್ನಿಗಿರುತ್ತೆ,” ಅಂದಳು ಅಕ್ಕ ಫೋನಿನಲ್ಲಿ.

“ಯಾವಾಗ್ಲೂ ನಾನೇ ಯಾಕೆ ಬರ್ಬೇಕು? ನಿನ್ನ ಕಾಲಿಗೇನಾಗಿದೆ?”

“ದೊಡ್ಡವಳು ಕಣೇ ನಾನು.”

“ಹಾಗಾದ್ರೆ ದೊಡ್ಡ ಮನಸ್ಸು ಮಾಡಿ ಅರ್ಧ ಗಂಟೆ ಜಾಸ್ತಿ ಕೂತ್ಕೊಂಡು ಬಾ!”

ಫೋನ್ ಇಟ್ಟರು. ಮತ್ತೆ ಎತ್ತಲಿಲ್ಲ. ಇದಕ್ಕಿಂತ ಆಸ್ತಿಯೇ ಮರ್ಯಾದಸ್ಥ ಕಾರಣವಾಗಿತ್ತು.

೩. ನಾಯಕಿಯನ್ನು ಏರ್‌ಪೋರ್ಟಿಗೆ ಕಳಿಸಿ ಒಂದು ಪುಟ ಬರೆದೆ. ಪುಣ್ಯಾತ್ಗಿತ್ತಿ ಟ್ಯಾಕ್ಸಿಯಿಂದ ಇಳಿಯಲೇ ಇಲ್ಲ.

“ಕರೀದೆ ಹೇಗ್ರೀ ಹೋಗೋದು?”

“ಆಪರೇಷನ್‌ಗೆ ಯಾರಾದ್ರೂ ಕಾರ್ಡ್ ಹಂಚ್ತಾರಾ ತಾಯಿ?”

“ನೀವೇನು, ಬರೆದುಬಿಡ್ತೀರಿ. ಬಾಗಿಲಲ್ಲಿ ನಿಂತು ‘ಯಾಕೆ ಬಂದೆ’ ಅನ್ನಿಸ್ಕೊಳ್ಳೋಳು ನಾನು.”

ಪುಟ ಹರಿದೆ. ಮತ್ತೆ ಇಸ್ತ್ರಿ ಟೇಬಲ್ಲು.

ಮುಕ್ತಾಯ ಅ: ಅಕ್ಕ ಬಾಗಿಲು ತೆಗೆಯುತ್ತಾಳೆ, ಇಬ್ಬರೂ ಗೊಳೋ ಅಂತ ಅಳುತ್ತಾರೆ. (ಕರ್ಚೀಫು ಓದುಗರೇ ತರತಕ್ಕದ್ದು.)

ಮುಕ್ತಾಯ ಆ: ಅಕ್ಕನೂ ಹೊರಟುಬಿಡುತ್ತಾಳೆ, ಎರಡು ವಿಮಾನಗಳು ಆಕಾಶದಲ್ಲಿ ಎದುರಾಗುತ್ತವೆ.

“ಆಪರೇಷನ್ ಬಿಟ್ಟು ಬರ್ತಾಳಾ? ತಲೆ ನೆಟ್ಟಗಿದೆಯಾ ನಿಮಗೆ?” ಅಂದಳು ನಾಯಕಿ.

ಮುಕ್ತಾಯ ಇ ಬರೆಯುವಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಇದು ನನ್ನ ಕೆಲಸವಲ್ಲ, ಆಣೆಗೂ.

“ಏನಿಲ್ಲ, ಸುಮ್ನೆ ಮಾಡ್ದೆ,” ಅಕ್ಕನ ದನಿ. “ಆಸ್ಪತ್ರೆ ರೂಮಲ್ಲಿ ಇನ್ನೊಂದು ಮಂಚ ಕೊಡ್ತಾರಂತೆ. ಜೊತೆಗಿರೋರಿಗೆ.”

“ಯಾರು ಮಲಗ್ತಾರೆ?”

“ಯಾರೂ ಇಲ್ಲ. ಬ್ಯಾಗ್ ಇಟ್ಕೋತೀನಿ.”

ನಾಯಕಿ ಲ್ಯಾಪ್‌ಟಾಪ್ ಮುಚ್ಚಿದಳು.

“ಮಂಚ ಅಗಲ ಇದೆಯಾ?”

“ನಿನ್ನ ಗಾತ್ರಕ್ಕೆ ಸಾಲಲ್ಲ ಬಿಡು,” ಅಂದು ಅಕ್ಕ ಫೋನ್ ಇಟ್ಟಳು.

‘ತಂಗಿ ಟಿಕೆಟ್ ತೆಗೆದಳು’ ಅಂತ ಒಂದೇ ಒಂದು ಸಾಲು ಸೇರಿಸಲು ಹೋದೆ. ನಾಯಕಿ ನನ್ನನ್ನು ರೂಮಿನಿಂದ ಆಚೆ ದಬ್ಬಿ ಚಿಲಕ ಹಾಕಿಕೊಂಡಳು. ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೇನೆ. ಒಳಗೆ ಏನೋ ಭಾರವಾದದ್ದನ್ನು ಅಟ್ಟದಿಂದ ಇಳಿಸಿದ ಸದ್ದು. ಸೂಟ್‌ಕೇಸೇ ಇರಬೇಕು ಅಂತೀರಾ? ನಾನೂ ಹಾಗೇ ಅಂದುಕೊಂಡೆ. ಆದರೆ ಆಮೇಲೆ ಸದ್ದೇ ಇಲ್ಲ. ಕಥೆಗಾರರಾಗಿ ಇಷ್ಟೂ ಗೊತ್ತಿಲ್ಲವೇ ಅಂತ ಬೈಯಬೇಡಿ. ಶ್, ನೀವೂ ಸ್ವಲ್ಪ ಸುಮ್ಮನಿರಿ, ಕೇಳಿಸಿಕೊಳ್ಳೋಣ.