ಸಂಜೆ ಅರಳುವ ಹೀರೆ

ಸಂಹಿತಾಳ ಗಂಟಲಲ್ಲಿ ಬೆಳೆದಿದ್ದ ಸಣ್ಣ ಗಂಟನ್ನು ತೆಗೆದ ಡಾಕ್ಟರು, ಇನ್ನು ಕೆಲವು ವಾರ ಒಂದು ಮಾತೂ ಆಡಬಾರದು ಎಂದರು. ಪಿಸುಮಾತು ಕೂಡ ಬೇಡ, ಅದರಿಂದಲೂ ಗಂಟಲಿಗೆ ಆಯಾಸವೇ ಎಂದರು. ಸಂಹಿತಾ ತಲೆಯಾಡಿಸಿದಳು. ಅವಳು ಹಾಡು ಕಲಿಸಿ ಬದುಕುವವಳು. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ದಿನಾ ಸಂಜೆ ಜಮಖಾನ ಹಾಸಿ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತಿದ್ದಳು. ಈಗ ಆ ಜಮಖಾನವನ್ನು ಸುತ್ತಿ ಬೀರುವಿನ ಪಕ್ಕಕ್ಕೆ ನಿಲ್ಲಿಸಿದ್ದಳು. ಬಸವನಗುಡಿಯ ಅಮ್ಮನ ಮನೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಬಂದು ಹೋಗುವವರು ಜಾಸ್ತಿ. ಯಾರಾದರೂ ಹೇಗಿದ್ದೀಯೇ ಎಂದು ಕೇಳಿದರೆ ಅಭ್ಯಾಸಬಲದಿಂದ ಬಾಯಿ ತೆರೆದುಬಿಡುತ್ತೇನೆ ಎಂದು ಹೆದರಿ ಇಲ್ಲೇ ಉಳಿದಳು.

ಮಾತು ನಿಂತ ಮೇಲೆ ದಿನಗಳಿಗೆ ಅಂಚೇ ಇಲ್ಲದಂತಾಯಿತು. ಬೆಳಿಗ್ಗೆ ಯಾವಾಗ ಮುಗಿಯಿತು, ಮಧ್ಯಾಹ್ನ ಯಾವಾಗ ಬಂದು ಕೂತಿತು, ತಿಳಿಯುತ್ತಿರಲಿಲ್ಲ. ಫೆಬ್ರವರಿಯ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ನೆಲದ ಮೇಲೆ ಹಾಸಿ, ಮೆಲ್ಲಗೆ ಗೋಡೆಗೆ ಹತ್ತಿಸಿಕೊಂಡು ಹೋಗುತ್ತಿತ್ತು. ಸೊಪ್ಪಿನವಳ ಕೂಗು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಕೆರೆಯ ಕಡೆಯಿಂದ ಬರುವ ಹಕ್ಕಿಗಳ ಸದ್ದು, ಎಲ್ಲವೂ ನೀರಿನೊಳಗೆ ಮುಳುಗಿ ಕೇಳಿದಂತೆ ಕೇಳುತ್ತಿದ್ದವು. ಮಧ್ಯಾಹ್ನದ ಅರೆನಿದ್ದೆಯಲ್ಲಿ ಅವಳು ಹಾಡುತ್ತಿದ್ದಳು. ಮೇಲಿನ ಷಡ್ಜಕ್ಕೆ ಹೋಗಿ, ಅಲ್ಲೇ ಎಷ್ಟೋ ಹೊತ್ತು ನಿಂತಿರುತ್ತಿದ್ದಳು. ಎಚ್ಚರವಾದಾಗ ಕೈ ತಾನಾಗಿ ಗಂಟಲಿಗೆ ಹೋಗುತ್ತಿತ್ತು.

ಮನೆಯ ಓನರ್ ಲಕ್ಷ್ಮಿದೇವಮ್ಮ ಕೆಳಗಿನ ಮನೆಯಲ್ಲಿ ಗಂಡ ರಾಮಯ್ಯನವರ ಜೊತೆ ಇದ್ದರು. ಹಿಂದೆ ಕೆರೆಯ ಬಯಲಲ್ಲಿ ಅವರಿಗೆ ಹೊಲವಿತ್ತು. ಅದು ಲೇಔಟ್ ಆಗಿ, ಸೈಟುಗಳಾಗಿ, ಉಳಿದ ತುಂಡಿನಲ್ಲಿ ಈ ಮನೆ ಎದ್ದಿತ್ತು. ಹೊಲ ಹೋದರೂ ಆಕೆಯ ಕೈ ಸುಮ್ಮನಿರಲಿಲ್ಲ. ಪೇಂಟ್ ಡಬ್ಬ, ಥರ್ಮೋಕೋಲ್ ಪೆಟ್ಟಿಗೆ, ಸೋರುವ ನೀರಿನ ಡ್ರಮ್ಮು, ಎಲ್ಲದಕ್ಕೂ ಮಣ್ಣು ತುಂಬಿ ತಾರಸಿಯ ತುಂಬ ಗಿಡ ಬೆಳೆಸಿದ್ದರು. ಅವರಿಗೆ ಸಂಹಿತಾ ಎಂಬ ಹೆಸರು ಬಾಯಿಗೆ ಹತ್ತಿರಲಿಲ್ಲ. ಬಾಡಿಗೆಗೆ ಬಂದ ದಿನದಿಂದಲೂ ಸಂಗೀತಾ ಎಂದೇ ಕರೆಯುತ್ತಿದ್ದರು, ಅವಳೂ ತಿದ್ದಿರಲಿಲ್ಲ.

ಒಂದು ಬೆಳಿಗ್ಗೆ ಆಕೆ ಮೆಟ್ಟಿಲು ಹತ್ತಿ ಬಂದು ತಾರಸಿಯ ಬೀಗದಕೈಯನ್ನು ಸಂಹಿತಾಳ ಅಂಗೈಯಲ್ಲಿಟ್ಟರು. ಮಗಳು ದಿವ್ಯಳಿಗೆ ದಿನ ತುಂಬಿತ್ತು. ಹುಳಿಮಾವಿನ ಮಗಳ ಮನೆಯಲ್ಲಿ ಕೆಲವು ದಿನ ಇರಬೇಕಾಗಿತ್ತು. ರಾಮಯ್ಯನವರಿಗೆ ಮಂಡಿನೋವು, ತಾರಸಿ ಹತ್ತಲಾರರು.

“ನಿಂಗೂ ಹೊತ್ತು ಹೋಗಲ್ಲ ಕಣವ್ವ. ಗಿಡಕ್ಕೆ ಒಸಿ ನೀರು ಹಾಕ್ತಿರು. ಅವು ನಿನ್ನ ಮಾತಾಡ್ಸಲ್ಲ.”

ಇಬ್ಬರೂ ಮೇಲೆ ಹೋದರು. ಲಕ್ಷ್ಮಿದೇವಮ್ಮ ಒಂದೊಂದೇ ಗಿಡವನ್ನು ಪರಿಚಯ ಮಾಡಿಕೊಡುತ್ತ ನಡೆದರು. ಮೂಲೆಯ ನೀಲಿ ಡ್ರಮ್ಮಿನಲ್ಲಿದ್ದ ದುಂಡುಮಲ್ಲಿಗೆಯ ಹತ್ತಿರ ನಿಂತು, ಇದು ನಮ್ಮ ಹೊಲದ ಬಾವಿಕಟ್ಟೆಯದು ಎಂದಷ್ಟೇ ಹೇಳಿದರು. ಅದರ ಬುಡವನ್ನೊಮ್ಮೆ ಮುಟ್ಟಿ ಮುಂದೆ ನಡೆದರು.

ಸಂಹಿತಾ ಅದುವರೆಗೆ ಒಂದು ತುಳಸಿ ಗಿಡವನ್ನೂ ಬೆಳೆಸಿದವಳಲ್ಲ. ಆದರೆ ಕೆಲಸ ಸಿಕ್ಕಿದ್ದು ಅವಳಿಗೆ ಹಿತವಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿ ಡಬ್ಬ ತುಂಬಿ ತುಳುಕುವವರೆಗೆ ನೀರು ಹಾಕುತ್ತಿದ್ದಳು. ನೀರು ಮಣ್ಣಿಗೆ ಇಳಿಯುವ ಗುಳುಗುಳು ಸದ್ದನ್ನು ಕೇಳುತ್ತ ನಿಲ್ಲುತ್ತಿದ್ದಳು. ಕೆಲವು ದಿನಗಳಲ್ಲಿ ಟೊಮೆಟೊ ಎಲೆಗಳು ಜೋತುಬಿದ್ದವು. ಬದನೆಯ ಕೆಳಗಿನ ಎಲೆಗಳು ಹಳದಿಯಾದವು. ಬಿಸಿಲಿಗೆ ಹೀಗಾಗುತ್ತಿದೆ ಎಂದುಕೊಂಡು ಮಧ್ಯಾಹ್ನವೂ ಒಂದು ಸುತ್ತು ನೀರು ಹಾಕತೊಡಗಿದಳು. ಮಲ್ಲಿಗೆಯ ಎಲೆಗಳು ಅಂಚಿನಲ್ಲಿ ಕಂದಾಗಿ, ಮುಟ್ಟಿದರೆ ಉದುರುತ್ತಿದ್ದವು. ಅದಕ್ಕೆ ಇನ್ನೊಂದು ಬಕೆಟ್ ಹೆಚ್ಚಾಗಿಯೇ ಹಾಕಿದಳು.

ದಿವ್ಯಳಿಗೆ ಹೆಣ್ಣುಮಗು ಆಯಿತು. ಲಕ್ಷ್ಮಿದೇವಮ್ಮ ವಿಡಿಯೊ ಕಾಲ್ ಮಾಡಿ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖವನ್ನು ತೋರಿಸಿದರು. ಆಮೇಲೆ, ಈಗ ನಿನ್ನ ಮಕ್ಕಳನ್ನ ತೋರಿಸು ಎಂದರು. ಸಂಹಿತಾ ಫೋನು ಹಿಡಿದುಕೊಂಡು ತಾರಸಿಯಲ್ಲಿ ನಡೆದಳು. ಒಬ್ಬರು ಮಾತಾಡುವುದು, ಇನ್ನೊಬ್ಬಳು ತೋರಿಸುವುದು.

“ನಿಲ್ಲು. ಆ ಬದನೆ ಎಲೆ ತೋರ್ಸು. ನೀರು ಜಾಸ್ತಿ ಆಗದೆ ಕಣವ್ವ. ಬೆರಳು ಇಡು ಮಣ್ಣೊಳಕ್ಕೆ, ಎರಡು ಗೆಣ್ಣು ಇಳೀಲಿ. ಮಣ್ಣು ಅಂಟ್ಕೊಂಡು ಬಂತಾ? ಹಂಗಾರೆ ಇವತ್ತು ನೀರು ಬೇಡ, ನಾಳೆನೂ ಬೇಡ. ಬೆರಳು ಒಣಗಿ ಬಂದಾಗ ಹಾಕು.”

ಡಬ್ಬಗಳ ತಳದ ತೂತು ಕಟ್ಟಿಕೊಂಡಿರುತ್ತವೆ, ಕಡ್ಡಿ ಹಾಕಿ ಬಿಡಿಸು ಎಂದರು. ಡಬ್ಬಗಳ ಕೆಳಗೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸು, ನೀರು ಹರಿದುಹೋಗಲಿ ಎಂದರು. ಗಟ್ಟಿಯಾದ ಮೇಲ್ಮಣ್ಣನ್ನು ಬೇರಿಗೆ ತಾಗದಂತೆ ಕೆದಕಿ ಸಡಿಲ ಮಾಡು ಎಂದರು. ಸಂಹಿತಾ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಆದರೆ ಫೋನನ್ನು ಮೂಲೆಯ ನೀಲಿ ಡ್ರಮ್ಮಿನ ಕಡೆಗೆ ತಿರುಗಿಸಲಿಲ್ಲ. ಮಲ್ಲಿಗೆ ಹೆಂಗದೆ ಎಂದು ಆಕೆ ಕೇಳುವಷ್ಟರಲ್ಲಿ ಮಗು ಅತ್ತಿತು, ಕಾಲ್ ಕಟ್ಟಾಯಿತು.

ಆಕೆ ಹೇಳಿದ್ದನ್ನೆಲ್ಲ ಸಂಹಿತಾ ಮಾಡಿದಳು. ಡ್ರಮ್ಮಿನ ತೂತಿನಿಂದ ಕಪ್ಪು ನೀರು ಹೊರಬಂತು, ಕೊಳೆತ ವಾಸನೆ ಬಂತು. ಮಲ್ಲಿಗೆಯನ್ನು ನೆರಳಿಗೆ ಎಳೆದಿಟ್ಟಳು. ಬಾಡಿದ ತುದಿಗಳನ್ನು ಕತ್ತರಿಸಿದಳು. ಒಂದು ಹನಿ ನೀರೂ ಹಾಕದೆ ದಿನಾ ಹೋಗಿ ಮುಂದೆ ಕೂತಳು. ಉಳಿದ ಗಿಡಗಳು ಒಂದೊಂದಾಗಿ ತಲೆ ಎತ್ತಿದವು. ಬದನೆ ಹೊಸ ಚಿಗುರು ಬಿಟ್ಟಿತು. ಮಲ್ಲಿಗೆ ಮಾತ್ರ ಕಡ್ಡಿಯಾಗಿ ನಿಂತಿತು. ಮುಂದಿನ ಕಾಲ್‌ಗಳಲ್ಲಿ ಸಂಹಿತಾ ಬೇರೆ ಬೇರೆ ಗಿಡಗಳನ್ನು ಹತ್ತಿರದಿಂದ ತೋರಿಸಿ, ಮಲ್ಲಿಗೆಯ ಡ್ರಮ್ಮು ಬರುವ ಮೊದಲೇ ಫೋನನ್ನು ತನ್ನ ಮುಖದ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಮಾತಾಡಬಾರದೆಂಬುದು ಅವಳಿಗೆ ಒಂದು ನೆಪವಾಯಿತು. ಅದು ಅವಳಿಗೇ ಹಿಡಿಸಲಿಲ್ಲ.

ಆ ದಿನಗಳಲ್ಲಿ ಮಧ್ಯಾಹ್ನಗಳನ್ನೆಲ್ಲ ದಾಸವಾಳ ನುಂಗಿತು. ಅದರ ಕುಡಿಗಳಿಗೆ ಹತ್ತಿ ಮೆತ್ತಿದಂತೆ ಬಿಳಿ ಹುಳು ಕೂತಿತ್ತು, ಕಾಂಡದ ಮೇಲೆ ಇರುವೆಗಳ ಸಾಲು ಹರಿದಿತ್ತು. ಇರುವೆಯೇ ಆ ಹುಳುವನ್ನು ಕಾಯುತ್ತದೆ, ಮೊದಲು ಇರುವೆ ಓಡಿಸು ಎಂದಿದ್ದರು ಲಕ್ಷ್ಮಿದೇವಮ್ಮ. ಸಂಹಿತಾ ಸೋಪಿನ ನೀರಿಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ, ಹಳೇ ಬಟ್ಟೆ ಅದ್ದಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಯನ್ನು ಒಂದೊಂದಾಗಿ ಒರೆಸಿದಳು. ತೀರಾ ಹತ್ತಿದ್ದ ಕುಡಿಗಳನ್ನು ಕಿತ್ತು ಕವರಿನಲ್ಲಿ ಕಟ್ಟಿ ಬಿಸಾಡಿದಳು. ಎಲೆಯೊಂದನ್ನು ಬೆರಳ ನಡುವೆ ಹಿಡಿದಾಗ ಅದು ಯಾರದೋ ಕಿವಿಯಂತೆ ತಣ್ಣಗಿರುತ್ತಿತ್ತು. ಹಾಗೆ ಒರೆಸುತ್ತ ಕೂತರೆ ತಾನು ಯಾರು, ಯಾವ ಊರು, ಏನಾಗಿದೆ ಎಂಬುದೆಲ್ಲ ಮರೆಯುತ್ತಿತ್ತು.

ಚಪ್ಪರಕ್ಕೆ ಹಬ್ಬಿದ್ದ ಹೀರೆಯದು ಬೇರೆಯೇ ತೊಂದರೆ. ಹೂವು ರಾಶಿ ಬಿಡುತ್ತಿತ್ತು, ಕಾಯಿ ನಿಲ್ಲುತ್ತಿರಲಿಲ್ಲ. ಕಿರುಬೆರಳಷ್ಟು ಹೀಚುಗಳು ಹಳದಿಯಾಗಿ ಉದುರುತ್ತಿದ್ದವು. ಸಂಹಿತಾ ಅವನ್ನು ಅಂಗೈಯಲ್ಲಿಟ್ಟು ಫೋನಿಗೆ ತೋರಿಸಿದಳು.

ಹೊಲದಲ್ಲಿ ಇದೆಲ್ಲ ನೋಡಿಕೊಳ್ಳುವುದಕ್ಕೆ ಹುಳಗಳಿದ್ದವು, ನಾವು ಏನೂ ಮಾಡುತ್ತಿರಲಿಲ್ಲ ಎಂದರು ಲಕ್ಷ್ಮಿದೇವಮ್ಮ. ಇಷ್ಟು ಎತ್ತರಕ್ಕೆ ಅವು ಬರುತ್ತವೋ ಇಲ್ಲವೋ ತನಗೂ ತಿಳಿಯದು ಎಂದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಟೀವಿಲಿ ತೋರ್ಸಿದ್ರು. ಗಂಡುಹೂ ಕಿತ್ತು ಹೆಣ್ಣುಹೂಗೆ ಮುಟ್ಸಬೇಕಂತೆ. ಹಿಂದೆ ಪುಟ್ಟ ಕಾಯಿ ಇರೋದು ಹೆಣ್ಣು, ಬರೀ ತೊಟ್ಟು ಇರೋದು ಗಂಡು. ನಾನು ಮಾಡಿಲ್ಲ ಕಣೆ, ನೀನೇ ನೋಡು.”

ಹೀರೆ ಸಂಜೆ ಅರಳುವ ಹೂವು. ಸಂಹಿತಾಳಿಗೆ ಅದು ಗೊತ್ತಿರಲಿಲ್ಲ. ಅಂದು ಬಿಸಿಲು ಹೋಗಿ, ಆಕಾಶ ಇನ್ನೂ ಕಪ್ಪಾಗದ ಹೊತ್ತಿಗೆ ಚಪ್ಪರದ ಕೆಳಗೆ ಹೋಗಿ ನಿಂತಳು. ಮುಚ್ಚಿದ ಮೊಗ್ಗೊಂದು ಅವಳ ಕಣ್ಣೆದುರೇ ಸಣ್ಣಗೆ ನಡುಗಿ, ಮಡಿಕೆ ಬಿಡಿಸಿಕೊಂಡು, ಹಳದಿಯಾಗಿ ತೆರೆಯಿತು. ಇನ್ನೊಂದು ತೆರೆಯಿತು. ಯಾರೋ ಮನೆಮನೆಗೆ ಹೋಗಿ ದೀಪ ಹಚ್ಚಿದ ಹಾಗೆ ಚಪ್ಪರದ ಆ ತುದಿಯಿಂದ ಈ ತುದಿಯವರೆಗೆ ಹೂಗಳು ಅರಳುತ್ತ ಬಂದವು. ಪಕ್ಕದ ಅಪಾರ್ಟ್‌ಮೆಂಟಿನ ದೊಡ್ಡ ಲೈಟು ಹತ್ತಿಕೊಂಡಿತು. ಪತಂಗಗಳು ಅದರ ಸುತ್ತ ಸುತ್ತುತ್ತಿದ್ದವು, ಇತ್ತ ಒಂದೂ ಬರಲಿಲ್ಲ.

ಅವಳು ಒಂದು ಗಂಡುಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣುಹೂವಿನ ಎದೆಗೆ ಮೆತ್ತಗೆ ಸವರಿದಳು. ಉಸಿರು ಬಿಗಿ ಹಿಡಿದಿದ್ದಳು. ಇನ್ನೊಂದಕ್ಕೆ ಸವರಿದಳು. ಕತ್ತಲಾಗುತ್ತ ಬಂದಂತೆ ಹೂಗಳು ಮಾತ್ರ ಕಾಣುತ್ತಿದ್ದವು, ಕೈ ಕಾಣುತ್ತಿರಲಿಲ್ಲ. ಎದೆಯಲ್ಲಿ ಒಂದು ಸ್ವರ ಎದ್ದು ಗಂಟಲಿನವರೆಗೆ ಬಂತು. ಅವಳು ತುಟಿ ಒತ್ತಿ ಹಿಡಿದಳು. ಸ್ವರ ಅಲ್ಲೇ ಸ್ವಲ್ಪ ಹೊತ್ತು ಇದ್ದು, ಇಳಿದುಹೋಯಿತು. ಅದು ಇನ್ನೂ ಒಳಗಿದೆ ಎಂದು ತಿಳಿದದ್ದೇ ಅವಳಿಗೆ ಸಾಕಾಯಿತು. ವಾರದೊಳಗೆ ಹೀಚುಗಳು ಹಸಿರಾಗಿ ಉದ್ದವಾಗತೊಡಗಿದವು.

ಲಕ್ಷ್ಮಿದೇವಮ್ಮ ಮರಳಿದ ದಿನ ಬೆಳಿಗ್ಗೆಯೇ ಸಂಹಿತಾ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಗಾಯ ಮಾಗಿದೆ, ಇನ್ನು ಸ್ವಲ್ಪ ಸ್ವಲ್ಪವೇ ಮಾತಾಡಬಹುದು ಎಂದಿದ್ದರು. ಮೇಲಿನ ಸ್ವರಗಳು ಮೊದಲಿನಂತೆ ಬರುತ್ತವೆಯೇ ಎಂದು ಬರೆದು ಕೇಳಿದ್ದಕ್ಕೆ, ಕಾದು ನೋಡೋಣ ಎಂದಿದ್ದರು. ಆಟೋದಲ್ಲಿ ಬರುವಾಗಲೂ ಅವಳು ಮಾತಾಡದೆ ವಿಳಾಸವನ್ನು ಫೋನಿನಲ್ಲೇ ತೋರಿಸಿದಳು. ಮೊದಲ ದನಿಯನ್ನು ತಂಬೂರಿ ಶ್ರುತಿಯ ಜೊತೆ, ಒಂದು ಆಧಾರ ಷಡ್ಜವಾಗಿ ಬಿಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಮೆಟ್ಟಿಲಲ್ಲಿ ಲಕ್ಷ್ಮಿದೇವಮ್ಮನ ಸದ್ದು ಕೇಳಿಸಿತು. ಆಕೆ ಬ್ಯಾಗನ್ನೂ ಒಳಗಿಡದೆ ನೇರ ತಾರಸಿಗೇ ಹೊರಟಿದ್ದರು. ಸಂಹಿತಾ ಬಾಗಿಲು ತೆಗೆದು ಎದುರಿಗೆ ನಿಂತಳು.

“ಮಲ್ಲಿಗೆ ಸತ್ತುಹೋಯ್ತು ಆಂಟಿ,” ಎಂದಳು. ದನಿ ಒರಟಾಗಿ, ತಗ್ಗಾಗಿ, ಬೇರೆ ಯಾರದೋ ಎಂಬಂತೆ ಬಂತು. “ನಾನೇ ನೀರು ಜಾಸ್ತಿ ಹಾಕಿ ಸಾಯಿಸ್ದೆ. ನಿಮಗೆ ತೋರಿಸಲಿಲ್ಲ.”

ಲಕ್ಷ್ಮಿದೇವಮ್ಮ ಅವಳ ಮುಖವನ್ನೇ ನೋಡಿದರು. ನಿನ್ನ ಗಂಟಲು ಬಂತಲ್ಲವ್ವ ಎಂದರು. ಆಮೇಲೆ ಮೇಲೆ ಹತ್ತಿದರು.

ಕಡ್ಡಿಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದರು. ಹಸಿರಿರಲಿಲ್ಲ. ಬುಡದ ಹತ್ತಿರ ಕೆರೆದರು, ಅಲ್ಲೂ ಇರಲಿಲ್ಲ. ಗಿಡವನ್ನು ಮೇಲೆತ್ತಿದಾಗ ಬೇರು ಪ್ರತಿರೋಧವಿಲ್ಲದೆ ಎದ್ದು ಬಂತು. ಆಕೆ ಡ್ರಮ್ಮಿನ ಅಂಚಿನ ಮೇಲೆ ಕೂತು ಬೇರಿನ ಮಣ್ಣನ್ನು ಬೆರಳಿನಿಂದ ಉದುರಿಸತೊಡಗಿದರು. ಸಂಹಿತಾ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು. ಸಂಜೆಯಾಯಿತು. ಹೀರೆ ಅರಳತೊಡಗಿತು. ಆಕೆ ತೂಗುತ್ತಿದ್ದ ಕಾಯಿಗಳನ್ನು ಕಣ್ಣಲ್ಲೇ ಎಣಿಸುತ್ತಿದ್ದಂತಿತ್ತು.

ಕೊನೆಗೆ ಆಕೆ ನಿಧಾನವಾಗಿ ಹೇಳತೊಡಗಿದರು. ಲೇಔಟಿಗಾಗಿ ಬಾವಿ ಮುಚ್ಚುವ ದಿನ ಲಾರಿಯಲ್ಲಿ ಮಣ್ಣು ಸುರಿಯುತ್ತಿದ್ದಾಗ, ತಾನು ಓಡಿಹೋಗಿ ಕೈಗೆ ಸಿಕ್ಕಷ್ಟು ಮಲ್ಲಿಗೆ ಕಡ್ಡಿ ಮುರಿದುಕೊಂಡು ಬಂದದ್ದು. ಒಂದು ಹಿಡಿಯನ್ನು ಪಕ್ಕದ ಹೊಲದ ಬೈರಮ್ಮನಿಗೂ ಕೊಟ್ಟದ್ದು. ಬೈರಮ್ಮ ಈಗ ಕೆರೆಯ ಆಚೆ ಬದಿಯಲ್ಲಿದ್ದಳು. ಬೇಲಿಯ ಜಾಗದ ಬಗ್ಗೆ ಆಗ ಮಾತು ಬೆಳೆದು, ಇಬ್ಬರ ನಡುವೆ ಹೋಗಿಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಹೊಲವೂ ಇಲ್ಲ, ಬೇಲಿಯೂ ಇಲ್ಲ, ಆದರೂ ಮಾತಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಕೆರೆಯ ದಂಡೆ ಹಿಡಿದು ನಡೆದರು. ನೀರಿನ ಮೇಲೆ ಮಂಜು ಇನ್ನೂ ತೆಳ್ಳಗೆ ಹಾಸಿತ್ತು. ಬೈರಮ್ಮನ ಮನೆಯ ಗೇಟಿನ ಮುಂದೆ ಬಂದಾಗ ಲಕ್ಷ್ಮಿದೇವಮ್ಮನ ಕಾಲು ನಿಂತಿತು. ಕಾಂಪೌಂಡಿನ ಮೇಲೆ ಅದೇ ದುಂಡುಮಲ್ಲಿಗೆಯ ಕೊಂಬೆ ಹೊರಗೆ ಚಾಚಿತ್ತು.

“ನೀನೇ ಕೇಳವ್ವ. ನಂಗೆ ಬಾಯಿ ಬರಲ್ಲ.”

ಸಂಹಿತಾ ಅಂದಿನ ಪಾಲಿನ ಮಾತುಗಳನ್ನು ಅಲ್ಲಿ ಖರ್ಚು ಮಾಡಿದಳು. ತಾನು ಯಾರು, ಯಾರ ಮನೆಯಲ್ಲಿದ್ದೇನೆ, ಗಿಡ ಹೇಗೆ ಸತ್ತಿತು ಎಂದು ಹೇಳಿದಳು. ಬಿಳಿಕೂದಲಿನ ಬೈರಮ್ಮ ಕೇಳಿಸಿಕೊಂಡು, ಸಂಹಿತಾಳ ಹಿಂದೆ ನಿಂತಿದ್ದವರನ್ನು ನೋಡಿ, ಒಳಗೆ ಹೋಗಿ ಕತ್ತರಿ ತಂದಳು. ಗೆಣ್ಣಿನ ಕೆಳಗೆ ಓರೆಯಾಗಿ ನಾಲ್ಕು ಕಡ್ಡಿ ಕತ್ತರಿಸಿದಳು. ತೀರಾ ಎಳೆಯದೂ ಅಲ್ಲ, ಮುದಿಯದೂ ಅಲ್ಲ. ಕೊಡುವಾಗ ಸಂಹಿತಾಳ ಕೈಗೆ ಕೊಡದೆ ಲಕ್ಷ್ಮಿದೇವಮ್ಮನ ಕೈಗೆ ಕೊಟ್ಟಳು.

“ಮೊಮ್ಮಗು ಆಯ್ತಂತಲ್ಲ,” ಎಂದಳು. “ಕಾಫಿ ಕುಡ್ಕೊಂಡು ಹೋಗು, ಲಕ್ಷ್ಮಿ.”

ಅವರು ಕಾಫಿ ಕುಡಿದು ಬಂದರು. ಕೆಳಗಿನ ಎಲೆಗಳನ್ನು ಬಿಡಿಸಿ, ಮರಳು ಬೆರೆಸಿದ ಮಣ್ಣಿಗೆ ಕಡ್ಡಿಗಳನ್ನು ಚುಚ್ಚಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಟ್ಟರು. ಬೇರು ಬಂತೇ ಎಂದು ಎಳೆದು ನೋಡಬೇಡ ಎಂಬುದೊಂದೇ ಲಕ್ಷ್ಮಿದೇವಮ್ಮ ಹಾಕಿದ ಕಟ್ಟಪ್ಪಣೆ. ಮೂರು ಕಡ್ಡಿಗಳು ಒಣಗಿದವು. ಒಂದು ಅಕ್ಕಿಕಾಳಿನಷ್ಟು ಚಿಗುರಿತು.

ಬೇಸಿಗೆ ರಜೆಯಲ್ಲಿ ಸಂಹಿತಾ ಪಾಠ ಮತ್ತೆ ಶುರು ಮಾಡಿದಳು. ಮೇಲಿನ ಷಡ್ಜ ಬರಲಿಲ್ಲ. ಅಲ್ಲಿಗೆ ಹೋಗುವ ಮುಂಚೆಯೇ ದನಿ ಎರಡಾಗಿ ಒಡೆಯುತ್ತಿತ್ತು. ಎರಡು ದಿನ ಬಾಗಿಲು ಹಾಕಿಕೊಂಡು ಅತ್ತಳು. ಮೂರನೆಯ ದಿನ ಮಕ್ಕಳ ಮುಂದೆ ಕೂತು, ತಂಬೂರಿಯ ಶ್ರುತಿಯನ್ನು ಐದೂವರೆ ಮನೆಯ ಎತ್ತರದಿಂದ ನಾಲ್ಕು ಮನೆಗೆ ತಗ್ಗಿಸಿ, ಕಣ್ಣು ಮುಚ್ಚಿ ಹಾಡಿದಳು. ತಗ್ಗಿನಲ್ಲಿ ಆ ದನಿಗೆ ಅವಳು ಹಿಂದೆ ಕೇಳದಿದ್ದ ಒಂದು ಅಗಲವಿತ್ತು. ಮಕ್ಕಳು ಮೊದಲು ಮುಖಮುಖ ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಸೇರಿಕೊಂಡರು. ಹಾಡು ಮುಗಿದಾಗ ಮುಂದಿನ ಸಾಲಿನಲ್ಲಿದ್ದ ಧೃತಿ ಎಂಬ ಹುಡುಗಿ ಜಮಖಾನದ ದಾರ ಎಳೆಯುತ್ತ, “ಮಿಸ್, ಮೊದಲಿಂದು ತುಂಬಾ ಮೇಲಿತ್ತು. ಈ ಶ್ರುತಿ ನಂಗೆ ಸಿಗುತ್ತೆ,” ಎಂದಳು.

ಹಾಗಿದ್ದರೆ ಇನ್ನೊಂದು ಸಲ ಹಾಡೋಣ ಎಂದಳು ಸಂಹಿತಾ.