ಗಿಟಾರಿನ ಹೊಟ್ಟೆಯಲ್ಲಿದ್ದ ಶಾಲು

ಹಳೆಯ ಗಿಟಾರಿಗೆ ಹೊಸ ಬಣ್ಣ ಹೊಡೆಯಿರಿ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವರ್ಷಾನುಗಟ್ಟಲೆ ಒಬ್ಬರ ಮೊಣಕೈ ಉಜ್ಜಿ ಸವೆದ ಜಾಗ ಅದು, ಮುಚ್ಚಿಹಾಕಲು ನಾನ್ಯಾರು? ತೀರಿಕೊಂಡ ದೊಡ್ಡಪ್ಪನ ಗಿಟಾರನ್ನು ದೊಡ್ಡಮ್ಮ ನನ್ನ ರಿಪೇರಿ ಅಂಗಡಿಗೆ ತಂದಾಗಲೂ ಮೊದಲೇ ಹೇಳಿಬಿಟ್ಟೆ, "ಬಣ್ಣಗಿಣ್ಣ ಮುಟ್ಟಲ್ಲ."

"ಬಣ್ಣ ಯಾರಿಗೆ ಬೇಕೇ? ನನ್ನ ಕಿವಿ ದಿನದಿನಕ್ಕೆ ಮಂದ ಆಗ್ತಿದೆ. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಅವರ ಗಿಟಾರ್ ಕೇಳ್ಬೇಕು. ಅಷ್ಟೇ."

ದೊಡ್ಡಪ್ಪ ಹೋಟೆಲ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದರು. ಎಲೆಕ್ಟ್ರಿಕ್ ಗಿಟಾರೇ, ಆದರೆ ಪಿಟೀಲಿನಂತೆ ಒಳಗೆಲ್ಲ ಟೊಳ್ಳು, ಎದೆಯ ಮೇಲೆ ಎರಡು ಉದ್ದನೆಯ ಸೀಳು. ಚಿಕ್ಕವಳಿದ್ದಾಗ ಅದರ ಬೆನ್ನಿಗೆ ಕಿವಿಯಿಟ್ಟು ಕೂರುತ್ತಿದ್ದೆ. ಅಮ್ಮ ನನ್ನನ್ನು ಅವರ ಮನೆ ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದಳು. ನೀನೇ ನನ್ನ ಶಾಲು ಕದ್ದೆ ಎಂದು ದೊಡ್ಡಮ್ಮ ಅಮ್ಮನಿಗೆ ಅಂದ ದಿನದಿಂದ ಅಕ್ಕತಂಗಿಯರಿಗೆ ಮಾತಿಲ್ಲ, ಇವತ್ತಿಗೂ.

ಪೆಟ್ಟಿಗೆ ತೆರೆದೊಡನೆ ದೊಡ್ಡಪ್ಪನ ಸಿಗರೇಟು, ತಲೆಎಣ್ಣೆ, ಎಲ್ಲ ಮೂಗಿಗೆ ಬಂತು. ಅಯ್ಯೋ, ಎಷ್ಟು ನೆನಪಾದರು! ತುಕ್ಕು ಹಿಡಿದ ತಂತಿ ಬದಲಿಸಿದೆ, ಬಿಟ್ಟುಹೋದ ವೈರುಗಳಿಗೆ ಬೆಸುಗೆ ಹಾಕಿದೆ, ಕತ್ತಿನ ಮೇಲಿನ ಸವೆದ ಲೋಹದ ಪಟ್ಟಿಗಳನ್ನು ಅರದಿಂದ ಸಮ ಮಾಡಿದೆ. ಸೀಳಿನೊಳಗೆ ಧೂಳು ಮೆತ್ತಿದ ಬಟ್ಟೆಯ ಗಂಟೊಂದು ಕಂಡಿತು. ಇಲಿಗೂಡಿರಬೇಕೆಂದು ಚಿಮಟದಿಂದ ಎಳೆದೆಳೆದು ತೆಗೆದು ಮೂಲೆಗೆಸೆದೆ.

ದೊಡ್ಡಮ್ಮ ಬಂದು ಸ್ಪೀಕರಿನ ಎದುರು ಕೂತರು. ಎರಡು ಸ್ವರ ನುಡಿಸಿದ್ದೆನೋ ಇಲ್ಲವೋ, ಗಿಟಾರ್ ಊಳಿಡತೊಡಗಿತು. ಸದ್ದು ತಗ್ಗಿಸಿದೆ. ಊಳು ನಿಂತಿತು, ಆದರೆ ಸ್ವರ ಡಬ್ಬ ಬಡಿದ ಹಾಗಿತ್ತು.

"ಇದು ಅವರದ್ದಲ್ಲ ಕಣೇ." ದೊಡ್ಡಮ್ಮನ ಮುಖ ಚಿಕ್ಕದಾಯಿತು. "ಇಲ್ಲಾ, ನನ್ನ ಕಿವಿನೇ ಹೋಯ್ತೋ ಏನೋ."

ಆಗ ಹೊಳೆಯಿತು. ಟೊಳ್ಳು ಗಿಟಾರು ಜೋರು ಸ್ಪೀಕರಿನ ಮುಂದೆ ಊಳಿಡಬಾರದೆಂದು ಬ್ಯಾಂಡಿನವರು ಅದರ ಹೊಟ್ಟೆಗೆ ಬಟ್ಟೆ ತುರುಕುತ್ತಿದ್ದರು. ಇದು ಗೊತ್ತಿದ್ದೂ ಇಲಿಗೂಡು ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಂಟನ್ನು ತಂದು ಕೊಡವಿದೆ. ಹಳದಿ ಶಾಲು, ಅಂಚಿಗೆ ನೀಲಿ ಹೂವು.

"ನನ್ನ ಶಾಲು!" ದೊಡ್ಡಮ್ಮ ಕಿತ್ತುಕೊಂಡರು. "ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ! ನಿಮ್ಮಮ್ಮನ್ನ ನಾನು ಬಾಯಿಗೆ ಬಂದ ಹಾಗೆ ಬೈತಿದ್ರೆ, ಈ ಮನುಷ್ಯ ಪಕ್ಕದಲ್ಲೇ ಕೂತು ತಂತಿ ಒರೆಸ್ತಿದ್ರಲ್ಲೇ!"

ಬೈಯುತ್ತ ನಕ್ಕರು, ನಗುತ್ತ ಅತ್ತರು. ಶಾಲನ್ನು ಮೂಗಿಗೆ ಒತ್ತಿಕೊಂಡರು.

"ಒಗೆದು ಕೊಡ್ತೀನಿ, ನೀವೇ ಇಟ್ಕೊಳ್ಳಿ. ಇದಕ್ಕೆ ಬೇರೆ ಬಟ್ಟೆ ಹಾಕೋಣ," ಎಂದೆ.

"ಬೇಡ. ಇದನ್ನೇ ಹಾಕು."

ಸ್ವಲ್ಪಸ್ವಲ್ಪವಾಗಿ ತುರುಕಿ ಒಂದು ತಂತಿ ಮೀಟಿದೆ. ದುಂಡಗೆ, ಮೆತ್ತಗೆ, ದೊಡ್ಡಪ್ಪನದೇ ಸ್ವರ. ದೊಡ್ಡಮ್ಮ ತಟ್ಟನೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ತಡಿ. ಮೊದಲು ನಿಮ್ಮಮ್ಮನಿಗೆ ಫೋನ್ ಮಾಡು. ನನ್ನದು ತಪ್ಪಾಯ್ತು ಅಂತ ಹೇಳ್ಬೇಕು. ಅವಳು ಏನಂತಾಳೋ, ಅದನ್ನೂ ಈ ಕಿವಿ ಇರೋವಾಗಲೇ ಕೇಳಿಸ್ಕೋಬೇಕು."